ಝಡ್ ಡ್ರೈವ್ ಬಿಟ್ಟು ಲಿನಕ್ಸ್‌ಗೆ ಬಂದೆವು

ನಮ್ಮದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇರುವ ಸಣ್ಣ ವಿಎಫ್‌ಎಕ್ಸ್ ಸ್ಟುಡಿಯೋ, ಅಂದ್ರೆ ವಿಡಿಯೋಗಳಿಗೆ ಕಂಪ್ಯೂಟರ್‌ನಲ್ಲಿ ದೃಶ್ಯ ಪರಿಣಾಮ ಸೇರಿಸುವ ಜಾಗ. ನಾಲ್ಕು ಮಂದಿ, ಐದು ಕಂಪ್ಯೂಟರ್. ಬೆಂಗಳೂರಿನಿಂದ ಬರುವ ರೋಟೋ (ಫ್ರೇಮ್ ಫ್ರೇಮಿಗೂ ಆಕೃತಿಯ ಅಂಚು ಕತ್ತರಿಸುವುದು), ದೃಶ್ಯದಲ್ಲಿ ಕಾಣುವ ವೈರ್ ಅಳಿಸುವ ಕೆಲಸ ಅರ್ಧ. ನಮ್ಮ ಕಡೆಯ ಜಾನಪದ ಹಾಡಿನ ವಿಡಿಯೋ, ಸೀರೆ ಅಂಗಡಿ ಜಾಹೀರಾತು ಇನ್ನರ್ಧ.

ಐದರಲ್ಲಿ ನಾಲ್ಕು ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್‌ಗಳು. ಝಿಯಾನ್ ಇ5 ವಿ3 ಪ್ರೊಸೆಸರ್, 32 ಜಿಬಿ ರ್‍ಯಾಮ್, ಜಿಟಿಎಕ್ಸ್ 1060 ಕಾರ್ಡ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ರ ಪಟ್ಟಿಯಲ್ಲಿ ಇಷ್ಟು ಹಳೆಯ ಪ್ರೊಸೆಸರ್ ಇಲ್ಲ. ಆದರೆ ಯಂತ್ರಗಳು ಕೆಟ್ಟಿರಲಿಲ್ಲ. ದಿನಾ ದುಡಿಯುತ್ತಿದ್ದವು. ಅವನ್ನು ಗುಜರಿಗೆ ಹಾಕಲು ನನಗೆ ಮನಸ್ಸೇ ಬರಲಿಲ್ಲ. ಅದಕ್ಕೇ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಲು ಹೊರಟೆ.

ಲಿನಕ್ಸ್ ಈ ಕೆಲಸಕ್ಕೆ ಹೊಸದೇನಲ್ಲ. 1997ರ ಟೈಟಾನಿಕ್ ಚಿತ್ರಕ್ಕೆ ಡಿಜಿಟಲ್ ಡೊಮೇನ್ ಸ್ಟುಡಿಯೋ ಆಲ್ಫಾ ಪ್ರೊಸೆಸರ್ ಯಂತ್ರಗಳ ಮೇಲೆ ಲಿನಕ್ಸ್ ಹಾಕಿ ರೆಂಡರ್ ಮಾಡಿತ್ತು, ಅಂದ್ರೆ ಕಂಪ್ಯೂಟರ್‌ನಿಂದ ಅಂತಿಮ ಚಿತ್ರಗಳನ್ನು ತೆಗೆದಿತ್ತು. 2000ದ ನಂತರ ದೊಡ್ಡ ಸ್ಟುಡಿಯೋಗಳು ದುಬಾರಿ ಎಸ್‌ಜಿಐ ಯಂತ್ರಗಳನ್ನು ಬಿಟ್ಟು ಲಿನಕ್ಸ್‌ಗೇ ಬಂದವು. ಇದು ಗೊತ್ತಿದ್ದರಿಂದ ಧೈರ್ಯ ಬಂತು.

ಲಿನಕ್ಸ್‌ನಲ್ಲಿ ಹಲವು ಬಗೆ ಇವೆ. ನಾನು ಆರಿಸಿದ್ದು ರೆಡ್ ಹ್ಯಾಟ್ ಕುಟುಂಬದ ರಾಕಿ ಲಿನಕ್ಸ್ 9. ನ್ಯೂಕ್, ಹೂಡಿನಿ, ಮಾಯಾ ಅನ್ನುವ ವಿಎಫ್‌ಎಕ್ಸ್ ಸಾಫ್ಟ್‌ವೇರ್ ಎಲ್ಲವೂ ರೆಡ್ ಹ್ಯಾಟ್ ಕುಟುಂಬದ ಮೇಲೆ ಪರೀಕ್ಷೆಯಾಗಿ ಬರುತ್ತವೆ. ಹಳೆಯ ಪುಸ್ತಕ, ವಿಡಿಯೋಗಳಲ್ಲಿ ಸೆಂಟ್‌ಓಎಸ್ 7 ಹಾಕಿ ಅಂತ ಇರುತ್ತದೆ. ಅದೂ ಇದೇ ಕುಟುಂಬದ ಲಿನಕ್ಸ್, ಆದರೆ ಅದರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿದೆ, ಹಾಕಬೇಡಿ. ರಾಕಿ 9ಕ್ಕೆ 2032ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ.

ಮೊದಲ ದಿನವೇ ಒಂದು ತಪ್ಪು ಮಾಡಿದೆ. ನಮ್ಮ ಜಿಟಿಎಕ್ಸ್ ಕಾರ್ಡ್ ಓಡಿಸುವ ಎನ್ವಿಡಿಯಾ ಡ್ರೈವರ್‌ನಲ್ಲಿ ಎರಡು ಬಗೆಯ ಕರ್ನಲ್ ಮಾಡ್ಯೂಲ್ (ಲಿನಕ್ಸ್‌ನ ತಿರುಳಿಗೆ ಸೇರುವ ಭಾಗ) ಇವೆ. ನಾನು ಓಪನ್ ಅನ್ನುವುದನ್ನು ಹಾಕಿ ರೀಸ್ಟಾರ್ಟ್ ಮಾಡಿದೆ. "ಅಣ್ಣಾರ, ಸ್ಕ್ರೀನ್ ಪೂರಾ ಕರ್ರಗ ಆಗೈತ್ರಿ" ಅಂತ ಹುಡುಗ ಕೂಗಿದ. ಓಪನ್ ಮಾಡ್ಯೂಲ್ ಟ್ಯೂರಿಂಗ್ ಅನ್ನುವ ತಲೆಮಾರು ಮತ್ತು ಅದರ ನಂತರದ ಕಾರ್ಡ್‌ಗಳಿಗೆ ಮಾತ್ರ. 1060 ಅದಕ್ಕಿಂತ ಹಿಂದಿನ ಪಾಸ್ಕಲ್ ತಲೆಮಾರಿನದು. ಎರಡನೆಯ, ಹಳೆಯ ಬಗೆಯ ಮಾಡ್ಯೂಲ್ ಹಾಕಿದ ಮೇಲೆ ಸರಿಹೋಯಿತು. ಪಾಸ್ಕಲ್‌ಗೆ 580 ಸರಣಿಯೇ ಕೊನೆಯ ಡ್ರೈವರ್. ಅದಕ್ಕೇ ಅಪ್‌ಡೇಟ್ ಬಂದರೂ ಡ್ರೈವರ್ ಮುಂದೆ ಹೋಗದ ಹಾಗೆ ಲಾಕ್ ಮಾಡಿದ್ದೇನೆ. ಕಂಪ್ಯೂಟರ್ ಶುರುವಾಗುವಾಗಿನ ಬಯಾಸ್ ಸೆಟ್ಟಿಂಗ್‌ನಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಮಾಡ್ಯೂಲ್ ಲೋಡ್ ಆಗುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ತ್ರೀಡಿಗೆ ಬ್ಲೆಂಡರ್, ದೃಶ್ಯ ಜೋಡಿಸಲು ನ್ಯಾಟ್ರಾನ್, ಚಿತ್ರ ಬಿಡಿಸಲು ಕ್ರಿತಾ ಹಾಕಲು ಒಂದು ಮಧ್ಯಾಹ್ನ ಸಾಕಾಯಿತು. ಪೆನ್ನಿನಿಂದ ಬಿಡಿಸುವ ವಾಕಾಮ್ ಟ್ಯಾಬ್ಲೆಟ್ ಸಿಕ್ಕಿಸಿದ ಕೂಡಲೇ ಕೆಲಸ ಮಾಡಿತು.

ನಿಜವಾದ ಕೆಲಸ ಸಾಫ್ಟ್‌ವೇರ್‌ನದ್ದಲ್ಲ, ಫೈಲ್ ವಿಳಾಸದ್ದು. ವಿಂಡೋಸ್‌ನಲ್ಲಿ ನಮ್ಮ ಸರ್ವರ್‌ಗೆ ಝಡ್ ಡ್ರೈವ್ ಅನ್ನುವ ಹೆಸರು. ವರ್ಷಗಟ್ಟಲೆ ನಮ್ಮ ಪ್ರತಿ ಶಾಟ್ ಅಲ್ಲಿಂದಲೇ ಫುಟೇಜ್ ಓದುತ್ತಿತ್ತು. ಲಿನಕ್ಸ್‌ನಲ್ಲಿ ಡ್ರೈವ್ ಅಕ್ಷರಗಳೇ ಇಲ್ಲ. ಸರ್ವರ್ ಒಂದು ಫೋಲ್ಡರ್ ಆಗಿ ಬಂದು ಕೂರುತ್ತದೆ. ಹಳೆಯ ಶಾಟ್ ತೆರೆದರೆ ಒಂದು ಫ್ರೇಮೂ ಬರಲಿಲ್ಲ, ಬರೀ ಎರರ್. ನ್ಯೂಕ್ ಸ್ಕ್ರಿಪ್ಟ್, ನ್ಯಾಟ್ರಾನ್ ಪ್ರಾಜೆಕ್ಟ್ ಎರಡೂ ಸಾದಾ ಪಠ್ಯದ ಫೈಲ್‌ಗಳು, ಅದು ನಮ್ಮ ಪುಣ್ಯ. ಸೆಡ್ ಅನ್ನುವ ಒಂದು ಸಾಲಿನ ಆಜ್ಞೆಯಿಂದ ಎಲ್ಲ ಫೈಲ್‌ಗಳಲ್ಲೂ ಝಡ್ ತೆಗೆದು ಹೊಸ ವಿಳಾಸ ಹಾಕಿದೆ. ಹಾಗೆ ಮಾಡುವ ಮೊದಲು ಎಲ್ಲದರ ನಕಲು ಬೇರೆ ಡಿಸ್ಕ್‌ಗೆ ತೆಗೆದೆ. ನೀವೂ ತೆಗೆಯಿರಿ.

ಇಷ್ಟಾದರೂ ಕೆಲವು ಶಾಟ್ ತೆರೆಯಲಿಲ್ಲ. ಫೋಲ್ಡರ್ ಕಣ್ಣೆದುರಿಗೇ ಇದೆ, ಸಾಫ್ಟ್‌ವೇರ್ ಇಲ್ಲ ಅನ್ನುತ್ತದೆ! ಅರ್ಧ ದಿನ ತಲೆ ಕೆಟ್ಟಿತು. ಕಾರಣ ಇಷ್ಟೇ: ಒಬ್ಬರು ಶಾಟ್ ಅನ್ನುವ ಹೆಸರನ್ನು ಕ್ಯಾಪಿಟಲ್ ಎಸ್‌ನಿಂದ ಬರೆದಿದ್ದರು, ಇನ್ನೊಬ್ಬರು ಸ್ಮಾಲ್ ಎಸ್‌ನಿಂದ. ವಿಂಡೋಸ್‌ಗೆ ಎರಡೂ ಒಂದೇ. ಲಿನಕ್ಸ್‌ಗೆ ಬೇರೆ ಬೇರೆ. ಈಗ ನಮ್ಮಲ್ಲಿ ಕಟ್ಟುನಿಟ್ಟು: ಎಲ್ಲ ಹೆಸರು ಸ್ಮಾಲ್ ಅಕ್ಷರ, ನಡುವೆ ಜಾಗ ಬಿಡುವಂತಿಲ್ಲ. ಬ್ಲೆಂಡರ್‌ನಲ್ಲಿ ರಿಲೇಟಿವ್ ವಿಳಾಸವೇ ಇರಬೇಕು, ಅಂದ್ರೆ ಪ್ರಾಜೆಕ್ಟ್ ಫೈಲ್ ಇರುವ ಜಾಗದಿಂದ ಶುರುವಾಗುವ ವಿಳಾಸ. ಒಂದು ವರ್ಷ ಮೊದಲೇ ಹೀಗೆ ಮಾಡಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ.

ಕನ್ನಡ ಟೈಟಲ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಇದನ್ನು ನಮಗೆ ಬೇರೆ ಊರಿನವರು ಹೇಳಿಕೊಡುವುದಿಲ್ಲ. ಮೊದಲು ಟೈಟಲ್ ಫೋಟೋಶಾಪ್‌ನಲ್ಲಿ ಮಾಡುತ್ತಿದ್ದೆವು. ಅದು ಲಿನಕ್ಸ್‌ಗೆ ಇಲ್ಲ. ನೇರ ಬ್ಲೆಂಡರ್‌ನಲ್ಲಿ ಬರೆಯೋಣ ಅಂತ ಹೋದರೆ ಒತ್ತಕ್ಷರ ಕೂಡುವುದಿಲ್ಲ. ಹುಬ್ಬಳ್ಳಿ ಅನ್ನೋದು 'ಹುಬ್‌ಬಳ್‌ಳಿ' ಆಗಿ ನಿಂತಿತ್ತು. ನಮ್ಮ ಊರಿನ ಹೆಸರನ್ನೇ ಹಾಗೆ ನೋಡಿ ಬೇಜಾರಾಯಿತು. ಈಗ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಬರೆಯುತ್ತೇವೆ. ಅಲ್ಲಿ ಒತ್ತು ಸರಿಯಾಗಿ ಕೂರುತ್ತದೆ. ಅಕ್ಷರಗಳನ್ನು ಪಾತ್ (ಗೆರೆಗಳ ಆಕಾರ) ಮಾಡಿ, ಎಸ್‌ವಿಜಿ ಫೈಲ್ ಆಗಿ ಉಳಿಸಿ ಬ್ಲೆಂಡರ್‌ಗೆ ತಂದರೆ ಕರ್ವ್ ಆಗಿ ಬರುತ್ತದೆ. ಅದಕ್ಕೆ ದಪ್ಪ ಕೊಟ್ಟರೆ ಚೆಂದದ ತ್ರೀಡಿ ಟೈಟಲ್. ಗ್ರಾಹಕರು ಹಳೆಯ ನುಡಿ ಅಕ್ಷರದಲ್ಲಿ ಕೊಟ್ಟ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು.

ವಿಡಿಯೋ ಎಡಿಟ್ ಮಾಡಿ ಬಣ್ಣ ತಿದ್ದುವ ಡಾವಿಂಚಿ ರಿಸಾಲ್ವ್ ಬಗ್ಗೆ ಒಂದು ಮಾತು. ಲಿನಕ್ಸ್‌ನಲ್ಲಿ ಅದರ ಉಚಿತ ಆವೃತ್ತಿ ಎಚ್264 ಬಗೆಯ ವಿಡಿಯೋ ಫೈಲ್ ತೆರೆಯುವುದಿಲ್ಲ. ಕ್ಯಾಮೆರಾದವರು ಕೊಡುವುದು ಜಾಸ್ತಿ ಅದೇ ಅಲ್ವಾ? ಎಫ್‌ಎಫ್‌ಎಂಪೆಗ್ ಅನ್ನುವ ಸಾಫ್ಟ್‌ವೇರ್‌ನಿಂದ ಡಿಎನ್‌ಎಕ್ಸ್‌ಎಚ್‌ಆರ್ ಅನ್ನುವ ಎಡಿಟಿಂಗ್ ಬಗೆಗೆ ಬದಲಾಯಿಸಿ ಒಳಗೆ ತರುತ್ತೇವೆ. ಧ್ವನಿ ಪಿಸಿಎಂ (ಕುಗ್ಗಿಸದ ಬಗೆ) ಇರಲಿ, ಕುಗ್ಗಿಸಿದ ಎಎಸಿ ಓಡುವುದಿಲ್ಲ. ಡಿಸ್ಕ್‌ನಲ್ಲಿ ಜಾಗ ತುಂಬಾ ಬೇಕು.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ರಾತ್ರಿ ರೆಂಡರ್. ಮನೆಯಿಂದಲೇ ಎಸ್‌ಎಸ್‌ಎಚ್ (ದೂರದಿಂದ ಆಜ್ಞೆ ಕೊಡುವ ದಾರಿ) ಮೂಲಕ ಸ್ಟುಡಿಯೋ ಯಂತ್ರದ ಒಳಗೆ ಹೋಗಿ, ಪರದೆ ಮೇಲೆ ಬ್ಲೆಂಡರ್‌ನ ವಿಂಡೋ ತೆರೆಯದೆ ಬರೀ ಆಜ್ಞೆಯಿಂದ ಬ್ಲೆಂಡರ್ ಓಡಿಸುತ್ತೇನೆ. ಒಂದೇ ಶಾಟನ್ನು ನಾಲ್ಕೂ ಯಂತ್ರ ಹಂಚಿಕೊಳ್ಳುತ್ತವೆ. ಬ್ಲೆಂಡರ್ ಸೆಟ್ಟಿಂಗ್‌ನಲ್ಲಿ ಓವರ್‌ರೈಟ್ (ಇದ್ದ ಫೈಲ್ ಮೇಲೆ ಬರೆಯುವುದು) ಆಫ್, ಪ್ಲೇಸ್‌ಹೋಲ್ಡರ್ (ಜಾಗ ಹಿಡಿಯುವ ಖಾಲಿ ಫೈಲ್) ಆನ್ ಇಟ್ಟರೆ ಒಂದು ಯಂತ್ರ ಹಿಡಿದ ಫ್ರೇಮನ್ನು ಇನ್ನೊಂದು ಮುಟ್ಟುವುದಿಲ್ಲ. ಯಾವಾಗಲೂ ಇಎಕ್ಸ್‌ಆರ್ ಅನ್ನುವ ಚಿತ್ರದ ಫೈಲ್ ಬಗೆಯಲ್ಲಿ, ಬಿಡಿ ಬಿಡಿ ಫ್ರೇಮ್‌ಗಳಾಗಿಯೇ ತೆಗೆಯಿರಿ, ವಿಡಿಯೋ ಆಗಿ ಬೇಡ. ಮೇ ತಿಂಗಳ ಗಾಳಿ ಮಳೆಗೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೂ ಆದ ಫ್ರೇಮ್ ಉಳಿಯುತ್ತವೆ. ಆದರೆ ಅರ್ಧಕ್ಕೆ ನಿಂತ ಫ್ರೇಮಿನ ಜಾಗದಲ್ಲಿ ಸೊನ್ನೆ ಗಾತ್ರದ ಫೈಲ್ ಕೂತಿರುತ್ತದೆ. ಅದನ್ನು ಅಳಿಸಿ ಮತ್ತೆ ಶುರು ಮಾಡಬೇಕು. ಇಲ್ಲದಿದ್ದರೆ ಆ ಫ್ರೇಮ್ ಆಗಿದೆ ಅಂತ ತಿಳಿದು ಬಿಟ್ಟು ಮುಂದೆ ಹೋಗುತ್ತದೆ.

ಐದನೆಯದು, ಇದ್ದುದರಲ್ಲಿ ಹೊಸ ಯಂತ್ರ, ವಿಂಡೋಸ್ 11ರಲ್ಲೇ ಇದೆ. ನಾವು ಹಿಂದೆ ಬಳಸುತ್ತಿದ್ದ ಆಫ್ಟರ್ ಎಫೆಕ್ಟ್ಸ್ ಸಾಫ್ಟ್‌ವೇರ್‌ಗೆ ಲಿನಕ್ಸ್ ಆವೃತ್ತಿ ಇಲ್ಲ, ಅದರ ಮಾಮೂಲಿ ಪ್ರಾಜೆಕ್ಟ್ ಫೈಲ್ ಪಠ್ಯವೂ ಅಲ್ಲ. ಹಾಗಾಗಿ ಹಳೆಯ ಪ್ರಾಜೆಕ್ಟ್‌ಗಳನ್ನು ಒಂದೊಂದಾಗಿ ತೆರೆದು, ಲೇಯರ್‌ಗಳನ್ನು ಇಎಕ್ಸ್‌ಆರ್ ಮಾಡಿ ಸರ್ವರ್‌ಗೆ ಹಾಕುತ್ತಿದ್ದೇವೆ. ಭಾನುವಾರ ಒಬ್ಬ ಹುಡುಗ ಬಂದು ಎರಡು ಮುಗಿಸುತ್ತಾನೆ. ಇನ್ನೂ ಹನ್ನೊಂದು ಉಳಿದಿವೆ.