ಮಗುವಿನ ಫೋನಿಗೆ ಬೀಗ ಹಾಕುವ ಕ್ರಮ

ಮಗುವಿನ ಕೈಗೆ ಆಂಡ್ರಾಯ್ಡ್ ಫೋನ್ ಕೊಡುವ ಮುನ್ನ ಅದರ ಹೆಸರಿನಲ್ಲಿಯೇ, ನಿಜವಾದ ಜನ್ಮದಿನಾಂಕ ನಮೂದಿಸಿ, ಗೂಗಲ್ ಖಾತೆ ತೆರೆಯಿರಿ. ಅನೇಕ ಮನೆಗಳಲ್ಲಿ ಅಪ್ಪನ ಹಳೆಯ ಫೋನ್ ಅಪ್ಪನ ಖಾತೆಯ ಸಮೇತ ಮಗುವಿನ ಪಾಲಾಗುತ್ತದೆ. ಬಳಸುತ್ತಿರುವವರು ದೊಡ್ಡವರೆಂದೇ ಆ್ಯಪ್‌ಗಳು ಎಣಿಸುವುದರಿಂದ, ಆಮೇಲೆ ಹಾಕುವ ಯಾವ ಬೀಗವೂ ಸರಿಯಾಗಿ ಕೂರುವುದಿಲ್ಲ.

ನಂತರ ನಿಮ್ಮ ಫೋನಿನಲ್ಲಿ ಫ್ಯಾಮಿಲಿ ಲಿಂಕ್ ಎಂಬ, ಮಗುವಿನ ಫೋನ್ ಬಳಕೆಯನ್ನು ಹೆತ್ತವರು ನಿಯಂತ್ರಿಸುವ ಗೂಗಲ್ ಆ್ಯಪ್ ಹಾಕಿಕೊಂಡು ಮಗುವಿನ ಖಾತೆಯನ್ನು ಅದಕ್ಕೆ ಜೋಡಿಸಿ. ದಿನಕ್ಕೆ ಎಷ್ಟು ಹೊತ್ತು ಬಳಸಬಹುದು, ರಾತ್ರಿ ಎಷ್ಟು ಗಂಟೆಗೆ ಫೋನ್ ತಾನಾಗಿ ಮುಚ್ಚಿಕೊಳ್ಳಬೇಕು ಎಂಬುದನ್ನು ಅಲ್ಲಿ ನಿಗದಿಪಡಿಸಬಹುದು. ಹೊಸ ಆ್ಯಪ್‌ಗೆ ನಿಮ್ಮ ಒಪ್ಪಿಗೆ ಬೇಕೆಂಬ ಆಯ್ಕೆಯನ್ನೂ ತಪ್ಪದೆ ಆನ್ ಮಾಡಿ. ಆದರೆ ಮಗು ಹಿಂದೊಮ್ಮೆ ಹಾಕಿಕೊಂಡಿದ್ದ ಆ್ಯಪ್ ಮತ್ತೆ ಒಪ್ಪಿಗೆ ಕೇಳದೆಯೇ ಬಂದು ಕೂರಬಲ್ಲದು. ಅಂಥವನ್ನು ಪಟ್ಟಿಯಲ್ಲಿ ಹುಡುಕಿ ಒಂದೊಂದಾಗಿ ನಿರ್ಬಂಧಿಸಬೇಕು.

ಮನೆಯ ವೈಫೈಗೆ ಬೇರೆಯದೇ ಕಾವಲು ಬೇಕು. ರೂಟರ್‌ನ ತಳದ ಚೀಟಿಯಲ್ಲಿರುವ ವಿಳಾಸವನ್ನು, ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಬ್ರೌಸರ್‌ನಲ್ಲಿ ತೆರೆದು, ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ಅಂಕಿಯ ವಿಳಾಸವನ್ನು ಹುಡುಕಿಕೊಡುವ ಸೇವೆ) ಎಂದಿರುವಲ್ಲಿ 1.1.1.3 ಮತ್ತು 1.0.0.3 ಎಂದು ಬರೆಯಿರಿ. ಇದು ಕ್ಲೌಡ್‌ಫ್ಲೇರ್ ಸಂಸ್ಥೆಯ ಉಚಿತ ಸೇವೆ. ಅಶ್ಲೀಲ ತಾಣಗಳನ್ನೂ ವೈರಸ್ ಹರಡುವ ತಾಣಗಳನ್ನೂ ಹೆಸರಿನ ಮಟ್ಟದಲ್ಲಿಯೇ ತಡೆಯುತ್ತದೆ. ಯೂಟ್ಯೂಬ್‌ನೊಳಗಿನ ಒಳ್ಳೆಯ ವಿಡಿಯೊ, ಕೆಟ್ಟ ವಿಡಿಯೊ ಯಾವುದೆಂದು ವಿಂಗಡಿಸಲು ಇದಕ್ಕೆ ಸಾಧ್ಯವಿಲ್ಲ. ಅದಕ್ಕೆ ಯೂಟ್ಯೂಬ್‌ನಲ್ಲಿಯೇ ವಯಸ್ಸಿಗೆ ತಕ್ಕ ಹಂತವನ್ನು ಆರಿಸಬೇಕು. ರೂಟರ್‌ನ ಮೂಲ ಪಾಸ್‌ವರ್ಡನ್ನೂ ಅಂದೇ ಬದಲಿಸಿ, ಏಕೆಂದರೆ ಆ ಚೀಟಿಯನ್ನು ಮಕ್ಕಳೂ ಓದಬಲ್ಲರು.

ಇಷ್ಟೆಲ್ಲ ಮಾಡಿಯೂ ನಮ್ಮ ಮನೆಯಲ್ಲಿ ಒಂದು ಕಿಂಡಿ ಉಳಿದಿತ್ತು. ಮಗಳು ತನ್ನ ಟ್ಯಾಬನ್ನು ಅಜ್ಜಿಯ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿಕೊಂಡಿದ್ದಳು. ರಾತ್ರಿಯವರೆಗೆ ಬರಬೇಕಿದ್ದ ದಿನದ ಡೇಟಾ ಮಧ್ಯಾಹ್ನವೇ ಮುಗಿಯುತ್ತಿದೆಯೆಂದು ಅತ್ತೆಯವರು ಹೇಳಿದಾಗಲೇ ನನಗೆ ತಿಳಿದದ್ದು. ರೂಟರ್‌ನ ಕಾವಲು ಮೊಬೈಲ್ ಡೇಟಾಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ಹಿರಿಯರ ಫೋನ್‌ಗಳಿಗೂ ಪಿನ್ ಇರಲಿ, ಹಾಟ್‌ಸ್ಪಾಟ್ ಪಾಸ್‌ವರ್ಡ್ ಮನೆಮಂದಿಗೆಲ್ಲ ಗೊತ್ತಿರುವ ಮೊಬೈಲ್ ನಂಬರ್ ಆಗದಿರಲಿ. ನಿಮ್ಮ ಫೋನಿನ ಪಿನ್ ಮಗುವಿಗೆ ಗೊತ್ತಿದ್ದರೆ ಫ್ಯಾಮಿಲಿ ಲಿಂಕ್‌ನ ಕೀಲಿಯೂ ಅದರ ಕೈಯಲ್ಲಿಯೇ ಇದ್ದಂತೆ.

ಇವನ್ನೆಲ್ಲ ಕದ್ದು ಮಾಡಬೇಡಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವುದನ್ನು ಏಕೆ ಮುಚ್ಚುತ್ತಿದ್ದೀರಿ ಎಂದು ತೋರಿಸುತ್ತಲೇ ಹೊಂದಿಸಿ. ಪಾಠಕ್ಕೆ ಬೇಕಾದ ತಾಣ ತಡೆಗೆ ಸಿಕ್ಕಿಕೊಂಡರೆ ಯಾರಿಗೆ ಹೇಳಬೇಕೆಂಬುದು ಅದಕ್ಕೆ ತಿಳಿದಿರಬೇಕು, ಹೇಳಿದ ದಿನವೇ ನೀವು ಅದನ್ನು ತೆರೆದುಕೊಡಬೇಕು.