ಕಾಯಸಿದ್ಧಿ ಮತ್ತು ಮುಕ್ತಿ: ಮನೆಯಲ್ಲಿ ಮಾಡುವ ಆರು ತಿಂಗಳ ಅಭ್ಯಾಸ

ಹಠಯೋಗದ ಪುಸ್ತಕ ಹಿಡಿದವರಿಗೆ ನಾಲ್ಕು ಹಾಳೆ ತಿರುವುವುದರೊಳಗೆ ಸಾವನ್ನು ಗೆಲ್ಲುವ ಮಾತು ಎದುರಾಗುತ್ತದೆ. ತಲೆಯೊಳಗೆ ಚಂದ್ರನಿದ್ದಾನೆ, ಅವನಿಂದ ಅಮೃತ ತೊಟ್ಟಿಕ್ಕುತ್ತದೆ. ಹೊಕ್ಕಳಲ್ಲಿ ಸೂರ್ಯನಿದ್ದಾನೆ, ಬಿದ್ದ ಹನಿಯನ್ನೆಲ್ಲ ಅವನು ನುಂಗುತ್ತಾನೆ. ಮೈಗೆ ಮುಪ್ಪು ಬರುವುದು ಇದರಿಂದಲೇ ಎನ್ನುವುದು ಆ ಶಾಸ್ತ್ರದ ಲೆಕ್ಕ. ಹನಿ ಉಳಿಸುವುದಕ್ಕೆ ಮೈಯನ್ನೇ ತಲೆಕೆಳಗು ಮಾಡುವ ವಿಪರೀತ ಕರಣಿ, ನಾಲಿಗೆಯಿಂದ ಗಂಟಲ ಮೇಲಿನ ಕಿಂಡಿ ಮುಚ್ಚುವ ಖೇಚರಿ, ಉಸಿರು ತಡೆಯುವ ಕುಂಭಕ ಮತ್ತು ಅದರ ಜೊತೆಗೆ ಮೈಯ ಕೆಲವು ಜಾಗ ಬಿಗಿಹಿಡಿಯುವ ಬಂಧಗಳನ್ನು ಹೇಳಿದ್ದಾರೆ.

ಅಭ್ಯಾಸಕ್ಕೆ ಕೂಡುವ ಮೊದಲು ಗುರಿ ತಿಳಿಯಾಗಬೇಕು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದಾಗ ಕೂತು ಕೇಳಿದವರಿಗೆ ಗೋರಕ್ಷ ಮತ್ತು ಅಲ್ಲಮಪ್ರಭುಗಳ ಪ್ರಸಂಗ ಗೊತ್ತಿರುತ್ತದೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅದು ಬರುತ್ತದೆ. ವಜ್ರಕಾಯ ಸಾಧಿಸಿದ ಗೋರಕ್ಷ ಕತ್ತಿ ಕೊಟ್ಟು ಹೊಡೆಯಿರಿ ಎನ್ನುತ್ತಾನೆ. ಅಲ್ಲಮರು ಹೊಡೆದರೆ ಖಣಿಲೆಂದು ಸದ್ದಾಗುತ್ತದೆ, ಕೂದಲೂ ಕತ್ತರಿಸುವುದಿಲ್ಲ. ಅದೇ ಕತ್ತಿಯಿಂದ ಗೋರಕ್ಷ ಅಲ್ಲಮರನ್ನು ಹೊಡೆದರೆ ಬಯಲಲ್ಲಿ ಬೀಸಿದಂತೆ ಆಚೆ ಹೋಗುತ್ತದೆ. ಸದ್ದು ಬಂದದ್ದೇ ಗೋರಕ್ಷನ ಕೊರತೆ: ತಾಗುವುದಕ್ಕೆ ಅಲ್ಲಿ ಇನ್ನೂ ಏನೋ ಉಳಿದಿತ್ತು. ಪತಂಜಲಿ ಇದನ್ನೇ ಬೇರೆ ರೀತಿ ಹೇಳುತ್ತಾನೆ. ಮೈ ವಜ್ರದಷ್ಟು ಗಟ್ಟಿಯಾಗುವುದನ್ನು ಕಾಯಸಂಪತ್ತು ಎಂದು ಒಪ್ಪಿಕೊಂಡೂ, ಬದುಕಿಗೆ ಅಂಟಿಕೊಳ್ಳುವ ಅಭಿನಿವೇಶವನ್ನು ಐದು ಕ್ಲೇಶಗಳಲ್ಲಿ ಸೇರಿಸಿದ್ದಾನೆ. ಸಾಯಬಾರದೆಂಬ ಹಠದಿಂದ ಶುರುವಾದ ಸಾಧನೆ ಆ ಕ್ಲೇಶಕ್ಕೇ ನೀರೆರೆಯುತ್ತದೆ. ಆದ್ದರಿಂದ ಇಲ್ಲಿ ಮೈಯ ಕೆಲಸ ಮನಸ್ಸು ನಿಲ್ಲುವುದಕ್ಕೆ, ಮನಸ್ಸು ನಿಲ್ಲುವುದು ತಾನಾರೆಂದು ನೋಡಿಕೊಳ್ಳುವುದಕ್ಕೆ.

ಜಾಗ, ಹೊತ್ತು, ಊಟ

ಬ್ರಾಹ್ಮೀ ಮುಹೂರ್ತವೆಂದರೆ ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಇರುವ ಹೊತ್ತು. ಹುಬ್ಬಳ್ಳಿ-ಧಾರವಾಡದಲ್ಲಿ ಜೂನ್‌ನಲ್ಲಿ ಆರರ ಆಸುಪಾಸಿಗೆ, ಜನವರಿಯಲ್ಲಿ ಏಳರ ಆಸುಪಾಸಿಗೆ ಹೊತ್ತು ಹುಟ್ಟುತ್ತದೆ. ಅಲಾರಾಂ ವರ್ಷವಿಡೀ ಒಂದೇ ಗಂಟೆಗೆ ಇಡುವ ಬದಲು ಋತುವಿಗೆ ತಕ್ಕಂತೆ ಸರಿಸಿಕೊಳ್ಳಿ. ಹಾಸುವುದಕ್ಕೆ ನವಲಗುಂದದ ಜಮಖಾನೆಯನ್ನು ನಾಲ್ಕು ಮಡಿಕೆ ಮಾಡಿ, ಮೇಲೆ ಕಂಬಳಿ ಹಾಕಿದರೆ ಸಾಕು. ಕುಂಡೆ ಮೊಣಕಾಲಿಗಿಂತ ಮೂರು-ನಾಲ್ಕು ಬೆರಳು ಎತ್ತರ ಇರಬೇಕು. ಇಲ್ಲದಿದ್ದರೆ ನಡು ಹಿಂದಕ್ಕೆ ಬಾಗಿ, ಹತ್ತು ನಿಮಿಷದೊಳಗೆ ಕಾಲು ಜೋಮು ಹಿಡಿಯುತ್ತದೆ.

ಊಟದ ಬಗ್ಗೆ ಹಠಯೋಗ ಪ್ರದೀಪಿಕೆಯ ಮಾತು ಸರಳ: ಹೊಟ್ಟೆಯ ಕಾಲು ಭಾಗ ಖಾಲಿ ಬಿಡಿ. ಗೋದಿ, ಅಕ್ಕಿ, ಹಾಲು, ತುಪ್ಪ, ಹೆಸರು, ಒಣಶುಂಠಿ ಹಿತ. ಹುಳಿ, ಖಾರ, ಬೆಳ್ಳುಳ್ಳಿ, ಇಂಗು, ಹುರುಳಿ ಅಹಿತ. ಜೋಳದ ರೊಟ್ಟಿ ಬಿಡಬೇಕಾಗಿಲ್ಲ. ಎರಡು ರೊಟ್ಟಿ, ಹೆಸರುಬೇಳೆ, ಹೀರೇಕಾಯಿ ಪಲ್ಯ ಒಳ್ಳೆಯ ಊಟವೇ. ತೊಂದರೆ ಬರುವುದು ಬ್ಯಾಡಗಿ ಮೆಣಸಿನಕಾಯಿಯ ಕೆಂಪುಖಾರದಿಂದ ಮತ್ತು ಸಂಜೆಯ ಗಿರ್ಮಿಟ್-ಮಿರ್ಚಿಯಿಂದ. ರಾತ್ರಿ ಖಾರ ತಿಂದು ಬೆಳಿಗ್ಗೆ ಕಾಲು ಮೇಲೆ ಮಾಡಿದರೆ ಹುಳಿತೇಗು ಗಂಟಲಿಗೆ ಬರುತ್ತದೆ, ಅದನ್ನು ಅಮೃತವೆಂದು ತಿಳಿದವರೂ ಇದ್ದಾರೆ. ರಾತ್ರಿ ಎಂಟರೊಳಗೆ ಊಟ ಮುಗಿಯಲಿ.

ಮೊದಲ ಮೂರು ತಿಂಗಳು: ನಾಡಿಶೋಧನ

ಬಲಗೈಯ ತೋರುಬೆರಳು, ನಡುಬೆರಳು ಮಡಚಿ. ಹೆಬ್ಬೆರಳು ಬಲಹೊಳ್ಳೆಗೆ, ಉಂಗುರಬೆರಳು ಎಡಹೊಳ್ಳೆಗೆ. ಎಡದಿಂದ ಒಳಗೆ, ಬಲದಿಂದ ಹೊರಗೆ, ಮತ್ತೆ ಬಲದಿಂದ ಒಳಗೆ, ಎಡದಿಂದ ಹೊರಗೆ. ಇದು ಒಂದು ಸುತ್ತು. ಒಂದು ಮಾತ್ರೆಯನ್ನು ಸುಮಾರು ಒಂದು ಸೆಕೆಂಡು ಎಂದು ಹಿಡಿಯಿರಿ. ಮೊದಲ ತಿಂಗಳು ನಾಲ್ಕು ಮಾತ್ರೆ ಒಳಗೆ, ನಾಲ್ಕು ಹೊರಗೆ, ದಿನಕ್ಕೆ ಐದು ಸುತ್ತು. ಎರಡನೇ ತಿಂಗಳು ನಾಲ್ಕು-ಆರು. ಮೂರನೇ ತಿಂಗಳು ನಾಲ್ಕು-ಎಂಟು, ಹತ್ತು ಸುತ್ತು. ಉಸಿರು ತಡೆಯುವುದು ಇನ್ನೂ ಇಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ. ಮೂಗಿನಿಂದ ಒಂದು ಗೇಣು ಕೆಳಗೆ ಹತ್ತಿಯ ಎಳೆಯೊಂದನ್ನು ಬೆರಳಲ್ಲಿ ಹಿಡಿಯಿರಿ. ಉಸಿರು ಬಿಡುವ ಎಂಟೂ ಮಾತ್ರೆ ಅದು ಒಂದೇ ಸಮ ಅಲುಗಬೇಕು. ಮೊದಲು ಜೋರಾಗಿ ಹಾರಿ ಆಮೇಲೆ ಸುಮ್ಮನಾದರೆ ನೀವು ಗಾಳಿಯನ್ನು ಆರಂಭದಲ್ಲೇ ಚೆಲ್ಲುತ್ತಿದ್ದೀರಿ, ಕೊನೆಯ ನಾಲ್ಕು ಮಾತ್ರೆ ಬರಿ ಎಣಿಕೆ. ಹಾಗಿದ್ದರೆ ನಾಲ್ಕು-ಆರಕ್ಕೆ ಮರಳಿ.

ಬೇಸಿಗೆಯ ದೂಳಿಗೆ ಅಥವಾ ನೆಗಡಿಗೆ ಮೂಗು ಕಟ್ಟಿದ ದಿನ ಜಗ್ಗಿ ಎಳೆಯಬೇಡಿ. ಆ ದಿನ ಬೆರಳಿಲ್ಲದೆ ಎರಡೂ ಹೊಳ್ಳೆಯಿಂದ ಮಾಡಿದರೆ ಆಯಿತು.

ಕುಂಭಕ ಮತ್ತು ಬಂಧ

ನಾಲ್ಕನೇ ತಿಂಗಳಿಂದ 4:4:8 (ಒಳಗೆ, ತಡೆ, ಹೊರಗೆ), ಐದನೆಯದರಲ್ಲಿ 4:8:8. ಶಾಸ್ತ್ರದ 1:4:2, ಅಂದರೆ 4:16:8, ಆರು ತಿಂಗಳೊಳಗೆ ಬಾರದಿದ್ದರೆ ಬಾರದಿರಲಿ. ಹುಲಿ, ಸಿಂಹ, ಆನೆಯನ್ನು ಪಳಗಿಸುವಂತೆ ವಾಯುವನ್ನು ಮೆಲ್ಲಮೆಲ್ಲನೆ ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು ಪ್ರದೀಪಿಕೆಯೇ ಎಚ್ಚರಿಸುತ್ತದೆ. ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆನೋವು, ಕಿವಿನೋವು, ಕಣ್ಣುನೋವು ಎಂದು ಕೆಟ್ಟ ಅಭ್ಯಾಸದ ಫಲವನ್ನು ಹೆಸರು ಹಿಡಿದು ಹೇಳಿದೆ. ಕುಂಭಕ ಹೆಚ್ಚಾಯಿತೆಂಬುದರ ಗುರುತು ಉಸಿರು ಬಿಡುವ ರೇಚಕದಲ್ಲಿ ಸಿಗುತ್ತದೆ: ಉಸಿರು ಬುಸ್ ಎಂದು ಹೊರಬಿದ್ದರೆ ಎರಡು ಮಾತ್ರೆ ಇಳಿಸಿ.

ಉಸಿರು ತಡೆದಾಗ ಜಾಲಂಧರ ಬಂಧ ಬೇಕು. ಹೆಚ್ಚಿನವರು ಕುತ್ತಿಗೆ ಜೋತುಬಿಟ್ಟು ಗದ್ದವನ್ನು ಎದೆಗೆ ಒತ್ತುತ್ತಾರೆ, ಅದರಿಂದ ಹಿಂಗುತ್ತಿಗೆ ನೋಯುತ್ತದೆ. ಎದೆಯನ್ನು ಮೇಲೆತ್ತಿ ಗದ್ದದ ಹತ್ತಿರ ತನ್ನಿ, ಹಿಂಗುತ್ತಿಗೆ ಉದ್ದವಾಗಲಿ. ಬಂಧ ಸರಿ ಬಿದ್ದಿಲ್ಲದಿದ್ದರೆ ಕಿವಿಯಲ್ಲಿ ಒತ್ತಡ, ಕಣ್ಣಲ್ಲಿ ಬಿಗಿತ ಬರುತ್ತದೆ. ಮೂಲಬಂಧದಲ್ಲಿ ಕುಂಡೆ, ತೊಡೆ ಬಿಗಿಯಬಾರದು. ಮೂತ್ರ ತಡೆದಾಗ ಒಳಗೆ ಎಳೆದುಕೊಳ್ಳುವ ಆ ಸಣ್ಣ ಜಾಗ ಮಾತ್ರ ಸಾಕು. ಹೊಟ್ಟೆಯನ್ನು ಒಳಕ್ಕೂ ಮೇಲಕ್ಕೂ ಎಳೆದುಕೊಳ್ಳುವ ಉಡ್ಡಿಯಾನವನ್ನು ಹೊಸಬರು ಪೂರ್ತಿ ಉಸಿರು ಬಿಟ್ಟ ಮೇಲೆ, ಖಾಲಿ ಹೊಟ್ಟೆಯಲ್ಲಿ, ದಿನಕ್ಕೆ ಮೂರು ಸಲ ಮಾಡಲಿ.

ತಿದಿಯೊತ್ತಿದಂತೆ ಬೇಗಬೇಗ ಉಸಿರಾಡುವ ಭಸ್ತ್ರಿಕೆಯನ್ನು ಜೋರಾಗಿ ಮಾಡಿ ಆ ಬೆನ್ನಲ್ಲೇ ದೀರ್ಘ ಕುಂಭಕ ಹಿಡಿಯುವುದು ಅಪಾಯ. ಉಸಿರು ಬೇಕೆಂಬ ಚಡಪಡಿಕೆ ಹುಟ್ಟಿಸುವುದು ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಭಸ್ತ್ರಿಕೆ ಅದನ್ನು ಮೊದಲೇ ಹೊರಹಾಕಿರುತ್ತದೆ. ಆಮ್ಲಜನಕ ಇಳಿದರೂ ಚಡಪಡಿಕೆ ಬರುವುದಿಲ್ಲ, ಸಮಾಧಿಯೆಂದು ಅನಿಸುವಷ್ಟರಲ್ಲಿ ಮೂರ್ಛೆ ಹೋಗಿರುತ್ತದೆ. ಬಾವಿ, ಕೆರೆ, ಈಜುಕೊಳದಲ್ಲಂತೂ ಇದನ್ನು ಎಂದೂ ಮಾಡಬಾರದು.

ವಿಪರೀತ ಕರಣಿ

ಮೂರು ಕಂಬಳಿ ಮಡಚಿ ಆರು-ಎಂಟು ಇಂಚು ಎತ್ತರ ಮಾಡಿ ಗೋಡೆಗೆ ಒತ್ತಿ ಇಡಿ. ಅದರ ಮೇಲೆ ಸೊಂಟ, ಗೋಡೆಗೆ ಕಾಲು. ಭಾರ ಹೆಗಲ ಮೇಲಿರಬೇಕು, ಕುತ್ತಿಗೆಯ ಮೇಲಲ್ಲ. ಮೊದಲ ವಾರ ಅರ್ಧ ನಿಮಿಷ, ವಾರಕ್ಕೆ ಅರ್ಧ ನಿಮಿಷ ಏರಿಸುತ್ತ ಐದು ನಿಮಿಷಕ್ಕೆ ನಿಲ್ಲಿಸಿ. ಇಳಿದ ಮೇಲೆ ಅಷ್ಟೇ ಹೊತ್ತು ಶವಾಸನ. ಬಿಪಿ, ಹೃದ್ರೋಗ, ಗ್ಲುಕೋಮಾ, ಕಣ್ಣಿನ ಒಳಗೆ ಹಿಂಬದಿಗಿರುವ ಅಕ್ಷಿಪಟಲದ ತೊಂದರೆ, ಕುತ್ತಿಗೆ ಸವೆತ ಇದ್ದವರು ಮತ್ತು ಗರ್ಭಿಣಿಯರು ಇದನ್ನೂ ಕುಂಭಕವನ್ನೂ ಬಿಡಬೇಕು.

ಆರು ತಿಂಗಳಲ್ಲಿ ನೆರೆ, ಸುಕ್ಕು ಕಾಣೆಯಾಗುತ್ತವೆ, ದಿನಕ್ಕೊಂದು ಯಾಮ, ಅಂದರೆ ಮೂರು ಗಂಟೆ, ಮಾಡಿದವನು ಕಾಲವನ್ನು ಗೆಲ್ಲುತ್ತಾನೆ ಎಂದು ಪ್ರದೀಪಿಕೆ ಹೇಳುತ್ತದೆ. ಅದನ್ನು ಓದಿ ಮೂರು ಗಂಟೆ ಕಾಲು ಮೇಲೆ ಮಾಡಬೇಡಿ. ಕನ್ನಡಿ ನೋಡಿ ಬಿಳಿಗೂದಲು ಎಣಿಸುವುದು ಶುರುವಾದರೆ ಅಭಿನಿವೇಶ ಒಳಗೆ ಬಂತೆಂದೇ ಅರ್ಥ. ಅದೇ ಜಾಗದಲ್ಲಿ ಇನ್ನೊಂದು ಒಳ್ಳೆಯ ಮಾತಿದೆ, ಅದನ್ನು ಯಾರೂ ಓದುವುದಿಲ್ಲ: ಈ ಮುದ್ರೆಯಿಂದ ಜಠರಾಗ್ನಿ ಏರುತ್ತದೆ, ಊಟ ಕಡಿಮೆಯಾದರೆ ಅದು ಮೈಯನ್ನೇ ಸುಡುತ್ತದೆ. ಉಪವಾಸದ ದಿನ ಇದು ಬೇಡ.

ಮಾಡಲೇಬಾರದ ಎರಡು

ಖೇಚರಿಗಾಗಿ ನಾಲಿಗೆಯ ಕೆಳಗಿನ ತಂತುವನ್ನು ವಾರಕ್ಕೊಮ್ಮೆ ಕೂದಲೆಳೆಯಷ್ಟು ಕತ್ತರಿಸಿ, ಸೈಂಧವ ಲವಣ ಮತ್ತು ಅಳಲೆಕಾಯಿ ಪುಡಿ ತಿಕ್ಕುವ ವಿಧಿ ಗ್ರಂಥದಲ್ಲಿದೆ. ಅಲ್ಲಿ ರಕ್ತನಾಳಗಳಿವೆ, ಜೊಲ್ಲಿನ ನಾಳಗಳ ಬಾಯಿ ಆ ತಂತುವಿನ ಎರಡೂ ಬದಿಗೇ ಇದೆ. ನಾಲಿಗೆಯ ತುದಿಯನ್ನು ಮೆತ್ತನೆಯ ಅಂಗುಳಕ್ಕೆ ತಾಗಿಸಿ ಎರಡು ನಿಮಿಷ ಇಟ್ಟರೆ ಬೇಕಾದ ನಿಶ್ಚಲತೆ ಸಿಗುತ್ತದೆ. ಎರಡನೆಯದು ಪಾದರಸ. ರಸಸಿದ್ಧರು ಪಾದರಸವನ್ನು ಕಟ್ಟಿ ಅಮರರಾಗುವ ಮಾತಾಡಿದರು. ಅದನ್ನು ನಂಬಿ ಜಾತ್ರೆಯಲ್ಲೋ ಮತ್ತೆಲ್ಲೋ ಸಿಕ್ಕ ಭಸ್ಮ ನುಂಗಿದರೆ ಮೂತ್ರಪಿಂಡ ಮತ್ತು ನರ ಕೆಡುತ್ತವೆ.

ಅಜಪಾ

ಬಂದುಹೋಗುವ ಉಸಿರನ್ನೇ ಜಪವಾಗಿ ಗಮನಿಸುವ ಈ ಅಜಪಾ ಎಲ್ಲಕ್ಕೂ ಮುಖ್ಯವಾದದ್ದು, ಜನ ಬಿಡುವುದೂ ಇದನ್ನೇ. ದಿನಕ್ಕೆ 21,600 ಉಸಿರು ಎನ್ನುತ್ತದೆ ಶಾಸ್ತ್ರ, ನಿಮಿಷಕ್ಕೆ ಹದಿನೈದರ ಲೆಕ್ಕ. ಒಳಗೆ ಹೋಗುವಾಗ ‘ಸೋ’, ಹೊರಗೆ ಬರುವಾಗ ‘ಹಂ’. ಸಿದ್ಧಾರೂಢ ಮಠದ ದಾರಿಯವರು ‘ಓಂ ನಮಃ ಶಿವಾಯ’ ಹಿಡಿಯಲಿ. ಲಿಂಗದೀಕ್ಷೆ ಆದವರು ಇಷ್ಟಲಿಂಗವನ್ನು ಎಡಗೈ ಅಂಗೈಯ ಮೇಲಿಟ್ಟು, ಅದರ ಮೇಲಿನ ಲೇಪವಾದ ಕಂಥೆಯ ಕಪ್ಪಿನಲ್ಲಿ ಹೊಳೆಯುವ ಬೆಳಕಿನ ಚುಕ್ಕೆಯ ಮೇಲೆ ನೋಟ ನಿಲ್ಲಿಸಲಿ. ಉಸಿರನ್ನು ಉದ್ದ ಮಾಡಬೇಡಿ, ಅದರ ಪಾಡಿಗೆ ಬಿಡಿ. ಹದಿನೈದು ನಿಮಿಷ ಆದ ಮೇಲೆ ಮಂತ್ರವನ್ನೂ ಬಿಟ್ಟು, ಉಸಿರು ಬಂದುಹೋಗುವುದು ಯಾರಿಗೆ ಗೊತ್ತಾಗುತ್ತಿದೆ ಎಂದು ಒಮ್ಮೆ ಕೇಳಿಕೊಳ್ಳಿ. ಮಾತಿನ ಉತ್ತರ ಬಂದರೆ ಅದನ್ನು ಬಿಟ್ಟು ಮತ್ತೆ ಕೇಳಿ. ನಿದ್ದೆ ತೂಗಿದರೆ ಕಣ್ಣು ಅರ್ಧ ತೆರೆಯಿರಿ.

ಜ್ವರ ಬಂದ ದಿನ ನಾಡಿಶೋಧನ, ಕುಂಭಕ, ವಿಪರೀತ ಕರಣಿ ಮೂರೂ ನಿಲ್ಲಲಿ, ಜ್ವರ ಬಿಟ್ಟ ಮೇಲೆ ಹಿಂದಿನ ತಿಂಗಳ ಅಳತೆಯಿಂದ ಮತ್ತೆ ಶುರುಮಾಡಿ. ಅಜಪಾ ಮಾತ್ರ ಹಾಸಿಗೆಯಲ್ಲೇ, ಮಲಗಿದ ಭಂಗಿಯಲ್ಲೇ ನಡೆಯಲಿ. ಎಂಬತ್ತು ದಾಟಿ ಕಾಲು ಮಡಚಲಾಗದ ಹಿರಿಯರಿಗೂ, ಕೊನೆಯ ದಿನಗಳಲ್ಲಿ ಮಂಚ ಹಿಡಿದವರಿಗೂ ಇದೊಂದನ್ನು ಹೇಳಿಕೊಡಬಹುದು: ಹತ್ತಿರ ಕೂತು, ಅವರ ಉಸಿರಿನ ಲಯಕ್ಕೆ ಸರಿಯಾಗಿ, ಮೆಲುದನಿಯಲ್ಲಿ ‘ಸೋ’, ‘ಹಂ’.