ಅಡಿಕೆ ಸಿಪ್ಪೆ ಪುಡಿ ನೀರು ಹೀರುವ ವೇಗ: ಅಳತೆ ಸರಿಹೋದದ್ದು ಹೀಗೆ

ಶಿವಮೊಗ್ಗದ ನಮ್ಮ ಲ್ಯಾಬಿನಲ್ಲಿ ಅಡಿಕೆ ಸಿಪ್ಪೆಯ ಪುಡಿ ನೀರು ಹೀರುವ ವೇಗ ಅಳೆಯುತ್ತಿದ್ದೆ. ತಕ್ಕಡಿಗೆ ತೂಗುಹಾಕಿದ, ಪುಡಿ ತುಂಬಿದ ಗಾಜಿನ ಕೊಳವೆ, ಅದರ ತಳ ನೀರಿಗೆ ತಾಗಿರುತ್ತದೆ. ಸಣ್ಣ ಸಂದುಗಳೊಳಗೆ ದ್ರವ ಏರುವ ವೇಗ ಹೇಳುವ 1921ರ ವಾಷ್‌ಬರ್ನ್ ಸೂತ್ರದಂತೆ, ಹೀರಿದ ತೂಕದ ವರ್ಗವನ್ನು ಸಮಯದ ಎದುರು ಹಾಕಿದರೆ ನೇರ ಗೆರೆ ಬರಬೇಕು. ಗೆರೆ ಬರುತ್ತಿತ್ತು, ಆದರೆ ಇಳಿಜಾರು ಪ್ರತಿ ಸಲ ಬೇರೆ.

ಕಾರಣ, ಪುಡಿ ತುಂಬುವ ರೀತಿ: ಸಡಿಲವಾಗಿದ್ದರೆ ಸಂದು ದೊಡ್ಡದು, ವೇಗವೂ ಬದಲಾಗುತ್ತದೆ. ಈಗ ಒಂದೇ ತೂಕದ ಪುಡಿ ಹಾಕಿ, ಒಂದೇ ಎತ್ತರಕ್ಕೆ ಇಳಿಯುವವರೆಗೆ ತಟ್ಟುತ್ತೇನೆ. ಮಲೆನಾಡಿನ ಮಳೆಗಾಲದಲ್ಲಿ ಪುಡಿ ಸುಮ್ನೆ ಇಟ್ಟರೂ ತೇವ ಎಳೆದುಕೊಳ್ಳುತ್ತದೆ ಅಲ್ವಾ? ಹಾಗಾಗಿ ಓವನ್‌ನಲ್ಲಿ ಒಣಗಿಸಿ, ಡೆಸಿಕೇಟರ್‌ನಲ್ಲಿ (ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆ) ತಣಿಸುತ್ತೇನೆ. ಮೊದಲು ಹೆಕ್ಸೇನ್ ಎಂಬ ದ್ರವದಿಂದ ಪುಡಿಯ ಸ್ಥಿರಾಂಕ (ಸಂದುಗಳು ಹೇಗಿವೆ ಎಂದು ಸೂಚಿಸುವ ಸಂಖ್ಯೆ) ತೆಗೆಯುತ್ತೇನೆ, ಹೆಕ್ಸೇನ್ ಪುಡಿಯನ್ನು ಪೂರ್ತಿ ತೋಯಿಸುವುದರಿಂದ ಅದರ ಸ್ಪರ್ಶ ಕೋನ (ದ್ರವ ಪುಡಿಯ ಮೇಲ್ಮೈಗೆ ತಾಗುವ ಕೋನ) ಸೊನ್ನೆ ಎಂದು ಹಿಡಿಯಬಹುದು. ಆಮೇಲೆ ಅದೇ ರೀತಿ ತುಂಬಿದ ಹೊಸ ಪುಡಿಗೆ ನೀರು. ಗೆರೆಗಳು ಈಗ ಹೊಂದುತ್ತವೆ. ನಾರು ನೀರಲ್ಲಿ ಉಬ್ಬುವುದರಿಂದ ಗೆರೆಯ ಮೊದಲ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.